ಹಾಡಿನ ಗುತ್ತಿಗೆ

ಬೀಗ ಎಂದರೆ ದಿಂಡಿಗಲ್ ಎನ್ನುವಷ್ಟು ಆ ಊರಿನ ಬೀಗಕ್ಕೆ ಹೆಸರಿದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಪೆಟ್ಟಿಗೆಗೆ ಬೀಗ ಹಾಕುವುದೇಕೆ? ಒಳಗಿನ ಒಡವೆ ಕಳ್ಳನ ಕೈಸೇರಿದರೆ ನನ್ನ ಕೈತಪ್ಪುತ್ತದೆ, ಅದಕ್ಕೆ. ಹಾಡು ಹಾಗಲ್ಲ. ಅದೇ ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್ ಗುಹೆಯಲ್ಲಿ ತಮಿಳಿನ ‘ಗುಣಾ’ ಸಿನಿಮಾದ ಚಿತ್ರೀಕರಣವಾಗಿ (ತೆರೆಕಂಡದ್ದು 1991ರಲ್ಲಿ), ಗುಹೆಗೇ ಆ ಹೆಸರು ಅಂಟಿಕೊಂಡಿತು. 2024ರಲ್ಲಿ ಅದೇ ಗುಹೆಯ ಕಥೆ ಹೇಳಿದ ಮಲಯಾಳದ ‘ಮಂಜುಮ್ಮೆಲ್ ಬಾಯ್ಸ್’ ಆ ಚಿತ್ರದ ಹಾಡನ್ನು ಬಳಸಿಕೊಂಡಿತು. ಹಾಡಿನ ಸಂಗೀತ ನಿರ್ದೇಶಕ ಇಳಯರಾಜ ನೋಟಿಸು ಕಳಿಸಿದರು. ತಮ್ಮ ಬಳಿ ಹಕ್ಕಿದೆ ಎಂದು ನಿರ್ಮಾಪಕರು ಹೇಳಿದರು. ಇಷ್ಟರಲ್ಲಿ ಹಾಡೇನೂ ಕಳೆದುಹೋಗಿರಲಿಲ್ಲ, ಮೂವತ್ತು ವರ್ಷ ದಾಟಿದ ಮೇಲೆ ಹೊಸ ಹುಡುಗರ ಬಾಯಲ್ಲಿ ಮತ್ತೆ ನಲಿಯುತ್ತಿತ್ತು.

ದುಡಿದವನಿಗೆ ದುಡಿಮೆಯ ಫಲ ಬೇಡವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಕು. ತೇನಿ ಜಿಲ್ಲೆಯ ಪಣ್ಣೈಪುರಂನಲ್ಲಿ ಹುಟ್ಟಿ, ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಂದಿಗೆ ಊರೂರು ಸುತ್ತಿ, 1976ರ ‘ಅನ್ನಕ್ಕಿಳಿ’ಯಿಂದ ಸಿನಿಮಾಕ್ಕೆ ಬಂದ ಇಳಯರಾಜರ ಬೆವರಿಗೆ ಬೆಲೆ ಕಟ್ಟದೆ ಇರಲಾದೀತೇ? ಕವಿಗೂ ಸಂಗೀತಗಾರರಿಗೂ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲಿದೆ ಎಂದು ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಹೇಳಿದ್ದು ತಡವಾದರೂ ನ್ಯಾಯ. ಆದರೆ ಕೂಲಿಯ ಹಕ್ಕು ಬೇರೆ, ನೆಲದ ಹಕ್ಕು ಬೇರೆ. ರಾಗ, ತಾಳ, ಹೊಲಗದ್ದೆಯ ಮಟ್ಟುಗಳೆಲ್ಲ ಅವರಿಗಿಂತ ಮೊದಲೇ ಇದ್ದವು. ಬೆಳೆ ಅವರದು, ನಿಜ, ನೆಲ ಊರಿನದು.

ಭೂಮಿಯ ಒಡೆತನಕ್ಕೂ ಮಿತಿಯಿಲ್ಲವೇ, ಅದೂ ಕಾನೂನು ಕೊಟ್ಟದ್ದೇ ಅಲ್ಲವೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಂಬಂ ಕಣಿವೆಯ ಭತ್ತಕ್ಕೆ ನೀರುಣಿಸುವ ಪೆರಿಯಾರ್ ಅಣೆಕಟ್ಟನ್ನೇ ನೋಡಿ. ಅದಕ್ಕಾಗಿ 1886ರಲ್ಲಿ ತಿರುವಾಂಕೂರು ಸಂಸ್ಥಾನ ಸುಮಾರು 8,000 ಎಕರೆಯನ್ನು 999 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಹತ್ತು ತಲೆಮಾರಿಗೂ ಮುಗಿಯದ ಅವಧಿ! ಆದರೂ ಅದು ಗುತ್ತಿಗೆಯೇ, ಏಕೆಂದರೆ ಅವಧಿ ತೀರಿದಾಗ ನೆಲ ಯಾರಿಗೆ ಮರಳಬೇಕೆಂಬುದು ಗೊತ್ತಿದೆ. ಒಡೆಯ ಯಾರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಾಣದು. ಅದನ್ನು ಹಾಡಿಗೂ ಹಚ್ಚೋಣ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಂಗೀತ ಕೃತಿಯ ಹಕ್ಕು ಕರ್ತೃವಿನ ಆಯುಷ್ಯ, ಅದರ ಮೇಲೆ 60 ವರ್ಷ. ಆಮೇಲೆ ಅದು ಮಕ್ಕಳಿಗೂ ಇಲ್ಲ, ಕಂಪನಿಗೂ ಇಲ್ಲ, ಎಲ್ಲರಿಗೂ ಸಲ್ಲುತ್ತದೆ. ಅಪ್ಪನ ಹೊಲ ಹೀಗೆ ಒಂದು ಬೆಳಗ್ಗೆ ಊರಿನ ಪಾಲಾಗುವುದಿಲ್ಲ. ಹಾಗಾದರೆ ಕೃತಿಸ್ವಾಮ್ಯವನ್ನು ಜನರಿಂದ ಪಡೆದ ಗುತ್ತಿಗೆ ಎನ್ನಬೇಕೇ ಹೊರತು ಒಡೆತನ ಎನ್ನಲಾಗದು. ‘ಸ್ವಾಮ್ಯ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸಿದೆ.

ಗುತ್ತಿಗೆಗೆ ಒಳಪಡದ್ದು ಒಂದಿದೆ, ಹೆಸರು. ಹಕ್ಕುಗಳನ್ನೆಲ್ಲ ಮಾರಿದ ಮೇಲೂ ಇದು ನನ್ನ ಕೃತಿ ಎನ್ನುವ ಅಧಿಕಾರವನ್ನು ಅದೇ ಕಾಯಿದೆಯ 57ನೇ ಕಲಂ ಕರ್ತೃವಿಗೇ ಉಳಿಸುತ್ತದೆ. ಮಾರಿದ ಹೊಲದ ಬದುವಿನಲ್ಲಿ ನಿಂತು ಯಾರೂ ಹಾಗೆನ್ನಲಾರರು. ಮಗನ ವಿಷಯದಲ್ಲಿ ಮಾತ್ರ ಅನ್ನಬಹುದು. ಇನ್ನು 52ನೇ ಕಲಂ ಮದುವೆ ಮೆರವಣಿಗೆಗೆ ವಿನಾಯಿತಿ ಕೊಟ್ಟಿದೆ. ಕಂಬಂ ಪೇಟೆಯಲ್ಲಿ ದಿಬ್ಬಣದ ಮುಂದೆ ನಾದಸ್ವರದವರು ಪಣ್ಣೈಪುರಂನ ಮಟ್ಟೊಂದನ್ನು ಎತ್ತಿಕೊಂಡರೆ ಯಾರ ಅಪ್ಪಣೆಯೂ ಬೇಡ.