ಲೆಕ್ಕ ಕೇಳದ ನಂಬಿಕೆ

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಹೊರಟು ನೆಂಟರಿಷ್ಟರ ವಿರೋಧ ಕಟ್ಟಿಕೊಂಡವರು, ಕೊನೆಗೆ ಕಾಡಿನಲ್ಲೇ ಮನೆ ಮಾಡಿದರು. ಕೂಸಿಗೆ ಆರು ತಿಂಗಳಾಗುವಾಗ ಆ ಮನೆಯೂ ಬಿಟ್ಟುಹೋಯಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಮಗುವನ್ನು ಆಳೊಬ್ಬ ತಲೆಯ ಮೇಲೆ ಹೊತ್ತು ನಡೆದ. ಅಲ್ಲಿಂದ ಮುಂದೆ ಆ ಕುಟುಂಬಕ್ಕೆ ಊರೆಂಬುದಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲಿ ಪುರಾಣ ಓದುವುದು, ಕೇಳಿದವರು ಇಟ್ಟದ್ದರಲ್ಲಿ ಹೊಟ್ಟೆ ಹೊರೆಯುವುದು.

1870ರ ದಶಕದಲ್ಲಿ ಮದರಾಸು ಪ್ರಾಂತ್ಯಕ್ಕೆ ಬಂದ ಬರದಲ್ಲಿ ಈ ಕುಟುಂಬ ಮಾಡಿದ್ದನ್ನು ರಮಾಬಾಯಿ ಮುಂದೆ ತಮ್ಮ ಆತ್ಮಕಥನದಲ್ಲಿ ಒಂದಿಷ್ಟೂ ಮರೆಮಾಚದೆ ಬರೆದಿದ್ದಾರೆ. ದುಡಿದು ತಿನ್ನುವ ಅಭ್ಯಾಸ ಅವರಿಗಿರಲಿಲ್ಲ, ಬೇಡಲು ಮಾನ ಬಿಡಲಿಲ್ಲ. ಇದ್ದ ಹಣವನ್ನೆಲ್ಲ ದಾನ ಮಾಡಿದರು. ಪುಣ್ಯತೀರ್ಥಗಳಲ್ಲಿ ಮಿಂದರು, ಪ್ರದಕ್ಷಿಣೆ ಹಾಕಿದರು, ಹಗಲೂ ರಾತ್ರಿ ಜಪ ಮಾಡಿದರು. ದೇವರು ಒಲಿದು ಕೈಹಿಡಿಯುತ್ತಾನೆಂದು ಕಾದರು. ಕಾಡಿನ ಎಲೆ ತಿಂದು ಬದುಕುವ ಸ್ಥಿತಿ ಬಂತು. ಕಣ್ಣು ಕಾಣದ ಮುದಿ ತಂದೆ ಸಾಯುವ ಮುಂಚೆ ಕಿರಿಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ ಎಂದು ಹೇಳಿದರು. ಅವರ ಹಿಂದೆಯೇ ತಾಯಿ ಲಕ್ಷ್ಮೀಬಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ. ತಾಯಿಯ ಚಟ್ಟಕ್ಕೆ ಹೆಗಲು ಕೊಡುವವರು ಸಾಲದೆ ಹದಿಹರೆಯದ ಮಗಳೇ ಹೊರಬೇಕಾಯಿತು. ಎತ್ತರ ಸಾಲದ್ದರಿಂದ ಆಕೆ ಅದನ್ನು ತಲೆಯ ಮೇಲೆ ಹೊತ್ತರು.

ಉಳಿದ ಅಣ್ಣ ತಂಗಿ ಸಾವಿರಾರು ಮೈಲಿ ಅಲೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಹುಡುಗಿಯ ಸಂಸ್ಕೃತ ಕೇಳಿ ಬೆರಗಾದ ವಿದ್ವಾಂಸರು ‘ಪಂಡಿತಾ’ ಎಂದರು, ‘ಸರಸ್ವತಿ’ ಎಂದು ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಶ್ರೀನಿವಾಸ ತೀರಿಕೊಂಡರು. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರ ಜತೆ ಮದುವೆ, ಮರುವರ್ಷ ಮಗಳು ಮನೋರಮಾ, 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡನ ಸಾವು. ವಯಸ್ಸು ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ.

ಇಷ್ಟಾದ ಮೇಲೆ ಯೇಸುಸ್ವಾಮಿಯನ್ನು ಕಂಡುಕೊಂಡರು, ಕಣ್ಣೀರು ಒರೆಸಿಹೋಯಿತು ಎಂದು ಕಥೆ ಮುಗಿಸುವುದು ಸುಲಭ. ನಮ್ಮ ಸಭೆಗಳಲ್ಲಿ ಹಲವರು ಹಾಗೆಯೇ ಹೇಳುತ್ತಾರೆ. ನಡೆದದ್ದು ಹಾಗಲ್ಲ. ವೈದ್ಯಕೀಯ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಓದು ಕೈಗೂಡಲಿಲ್ಲ. ಜತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ್ ವಾಂಟೇಜಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆ ಆಘಾತದ ಬೆನ್ನಲ್ಲೇ, ಸೆಪ್ಟೆಂಬರ್ 29ರಂದು, ಮಗಳ ಜತೆ ದೀಕ್ಷಾಸ್ನಾನ. ಊರಿನಲ್ಲಿ ಮೆಚ್ಚಿದ್ದವರೇ ಬೆನ್ನು ತಿರುಗಿಸಿದರು. ಅತ್ತ ಇಂಗ್ಲೆಂಡಿನ ಹಿರಿಯ ಕ್ರೈಸ್ತ ಸೋದರಿಯರು ತಾವು ಹೇಳಿದ್ದಕ್ಕೆಲ್ಲ ಈಕೆ ತಲೆಯಾಡಿಸಬೇಕೆಂದು ಬಯಸಿದರು; ರಮಾಬಾಯಿ ಪತ್ರದ ಮೇಲೆ ಪತ್ರ ಬರೆದು ಪ್ರಶ್ನಿಸಿದರು. ದೇವರಿಗೆ ಬಾಗಿದ ತಲೆ ಪಾದ್ರಿಗಳಿಗೂ ಬಾಗಲೇಬೇಕೆಂದು ಅವರು ಒಪ್ಪಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೂ, ತನಗೆ ಕ್ರೈಸ್ತಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದ ಮಾತನ್ನು ಅವರು ಬರೆದುಕೊಂಡಿದ್ದಾರೆ.

ಈ ಎಂಟು ವರ್ಷಗಳ ಮೇಲೆ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುತ್ತದೆ. ತಂದೆತಾಯಿಯ ಭಕ್ತಿ ಸುಳ್ಳಾಗಿರಲಿಲ್ಲ, ಪ್ರಾಣ ಕೊಟ್ಟು ನಡೆಸಿದ ಭಕ್ತಿ ಅದು. ಆದರೆ ಅದರೊಳಗೆ ಒಂದು ಲೆಕ್ಕದ ಪುಸ್ತಕವಿತ್ತು: ಇಷ್ಟು ಜಪಕ್ಕೆ ಇಷ್ಟು ಫಲ. ಬರದಲ್ಲಿ ಆ ಪುಸ್ತಕ ದಿವಾಳಿಯಾದುದನ್ನು ಮಗಳು ಕಣ್ಣಾರೆ ಕಂಡರು. ಹೊಸ ಧರ್ಮಕ್ಕೆ ಬಂದವರು ಹಳೆಯ ಪುಸ್ತಕವನ್ನೇ ಹೊಸ ಹೆಸರಿನಲ್ಲಿ ತೆರೆಯುವುದು ಬಹಳ ಸಹಜ. ಉಪವಾಸ ಪ್ರಾರ್ಥನೆಗೆ ಮಗನಿಗೆ ಕೆಲಸ, ದಶಮಾಂಶಕ್ಕೆ ಎರಡು ಪಾಲು ಆದಾಯ. ರಮಾಬಾಯಿ ಅದನ್ನು ತೆರೆಯಲಿಲ್ಲ.

ತೆರೆಯಲು ಅವಕಾಶ ಚೆನ್ನಾಗಿಯೇ ಇತ್ತು. ಅಮೆರಿಕದಲ್ಲಿ 1887ರಲ್ಲಿ ಪ್ರಕಟವಾದ ಅವರ ಪುಸ್ತಕ ಹೆಸರು ತಂದಿತು, ಅಲ್ಲಿನ ಅಭಿಮಾನಿಗಳು ಹತ್ತು ವರ್ಷದ ನೆರವಿನ ಮಾತು ಕೊಟ್ಟರು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ರಾನಡೆ, ಭಂಡಾರ್ಕರ್ ಅವರಂಥವರು ಸಲಹೆಗಾರರಾದರು. ಅನುಗ್ರಹದ ಕಾಲವೆಂದರೆ ಇದೇ. ಅದನ್ನು ಉಳಿಸಿಕೊಳ್ಳಲು ಮಾಡಬೇಕಿದ್ದ ಕೆಲಸ ಸಣ್ಣದು: ತಾನು ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುವುದು. ರಮಾಬಾಯಿ ಬಾಗಿಲು ತೆರೆದೇ ಇಟ್ಟರು. ಯಾರನ್ನೂ ಕರೆಯಲಿಲ್ಲ, ಬಂದು ಕೂತವರನ್ನು ಎಬ್ಬಿಸಲೂ ಇಲ್ಲ. ಸದನ ಪುಣೆಗೆ ಬಂದ ಮೇಲೆ ಅಲ್ಲಿ ಗದ್ದಲವೆದ್ದಿತು, ತಿಲಕರ ‘ಕೇಸರಿ’ ಕಿಡಿಕಾರಿತು, 1893ರಲ್ಲಿ ಸಲಹೆಗಾರರು ಹೊರಬಂದರು, ಹಲವು ಮನೆಯವರು ಹುಡುಗಿಯರನ್ನು ಕರೆದುಕೊಂಡು ಹೋದರು. ಆ ಹಿರಿಯರ ಆತಂಕಕ್ಕೆ ಅರ್ಥವಿಲ್ಲವೆಂದು ನಾನು ಹೇಳಲಾರೆ. ಮತದ ಸೋಂಕಿಲ್ಲದ ಶಾಲೆಯೆಂದು ನಂಬಿ ಮಕ್ಕಳನ್ನು ಕಳಿಸಿದ್ದರು. ನನಗೆ ಮುಖ್ಯವಾದದ್ದು, ಸಿಕ್ಕಿದ್ದು ಕೈಜಾರುತ್ತದೆಂದು ತಿಳಿದೂ ರಮಾಬಾಯಿ ತಮ್ಮ ದೇವರನ್ನು ಬಾಗಿಲ ಹಿಂದೆ ಬಚ್ಚಿಡಲಿಲ್ಲ ಎಂಬುದು.

1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಡಿದಾಗ ಅವರೇ ಅಲ್ಲಿಗೆ ಹೋದರು. ಎಲುಬು ಗೂಡಾದ ಹುಡುಗಿಯರನ್ನು, ಗಂಡನ ಮನೆಯವರು ಹೊರಹಾಕಿದ ಎಳೆ ವಿಧವೆಯರನ್ನು ಮುನ್ನೂರರ ಹತ್ತಿರ ಕರೆತಂದರು. ಪುಣೆಯಲ್ಲಿ ಪ್ಲೇಗು ಇದ್ದುದರಿಂದ ಅವರನ್ನು ಕೇಡಗಾಂವದ ಬಯಲಿನಲ್ಲಿ ಇಳಿಸಿದರು. ಅದು ‘ಮುಕ್ತಿ’ಯಾಯಿತು. ಆಮೇಲೆ ಬಂದ ಗುಜರಾತಿನ ಬರ ಕಳೆಯುವ ಹೊತ್ತಿಗೆ ಅಲ್ಲಿ ಇದ್ದವರು 2,000ದ ಹತ್ತಿರ. ನೇಯ್ಗೆ, ಬೇಸಾಯ, ಅಚ್ಚುಕೂಟ. ಕುರುಡರಿಗೆ ಬೇರೆ ಸದನ, ಬೀದಿಪಾಲಾದ ಹೆಂಗಸರಿಗೆ ಇನ್ನೊಂದು.

ರಮಾಬಾಯಿಯ ಮನೆಯ ಬರವನ್ನು ದೇವರು ಈ ಕೆಲಸಕ್ಕಾಗಿಯೇ ಕಳಿಸಿದ್ದ ಎಂದು ವ್ಯಾಖ್ಯಾನ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬ ಹುಡುಗಿಗೆ ಕರುಣೆ ಕಲಿಸಲು ಆಕೆಯ ತಾಯಿಯನ್ನು ಹಸಿವಿನಿಂದ ಕೊಲ್ಲುವ ದೇವರನ್ನು ಪೂಜಿಸಬೇಕಾಗಿಲ್ಲ. ಆ ಸಾವುಗಳು ಸಾವುಗಳೇ. ಹಸಿದು ಸಾಯುವುದು ಹೇಗೆಂದು ರಮಾಬಾಯಿಗೆ ಗೊತ್ತಿತ್ತು, ಗೊತ್ತಿದ್ದುದರಿಂದ ಹೋದರು. ನಂಬಿಕೆ ಅವರ ಕಷ್ಟಕ್ಕೆ ಕಾರಣ ಹುಡುಕಿಕೊಡಲಿಲ್ಲ, ಆ ಕಷ್ಟದ ನೆನಪು ಕಹಿಯಾಗಿ ಕೊಳೆಯದಂತೆ ನೋಡಿಕೊಂಡಿತು.

ನಮ್ಮ ಆರಾಧನೆಗಳಲ್ಲಿ ಸಾಕ್ಷಿ ಹೇಳುವ ಹೊತ್ತೊಂದಿದೆ. ಗಡ್ಡೆ ಕರಗಿದವರು ಏಳುತ್ತಾರೆ, ವೀಸಾ ಸಿಕ್ಕವರು ಏಳುತ್ತಾರೆ, ಸೈಟು ಕೊಂಡವರು ಏಳುತ್ತಾರೆ. ಅವರ ಕೃತಜ್ಞತೆಯನ್ನು ನಾನು ಗೌರವಿಸುತ್ತೇನೆ. ಅದೇ ರೋಗಕ್ಕೆ ಅಷ್ಟೇ ಪ್ರಾರ್ಥಿಸಿ ಗಂಡನನ್ನು ಮಣ್ಣುಮಾಡಿ ಬಂದ ಹೆಂಗಸು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಆಕೆ ಏಳುವುದಿಲ್ಲ. ಎದ್ದು ಹೇಳುವಂಥದ್ದು ತನ್ನಲ್ಲಿ ಏನೂ ಇಲ್ಲವೆಂದು ಆಕೆಗೆ ನಾವೇ ಕಲಿಸಿದ್ದೇವೆ. ಬೆಂಚಿನ ಎಡಬಲದವರು ಅವಳ ನಂಬಿಕೆಯಲ್ಲಿ ಏನು ಕೊರತೆಯಿತ್ತೆಂದು ಮನಸ್ಸಿನಲ್ಲೇ ಅಳೆಯುತ್ತಿರುತ್ತಾರೆ. ಯೋಬನ ಸ್ನೇಹಿತರು ಮಾಡಿದ್ದೂ ಇದನ್ನೇ, ಮತ್ತು ಆ ಪುಸ್ತಕದಲ್ಲಿ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ಆ ಸ್ನೇಹಿತರ ಮೇಲೆ.

ಯೋಬನ ಪುಸ್ತಕದ ಆರಂಭದಲ್ಲಿ ಸೈತಾನ ಎತ್ತುವ ಪ್ರಶ್ನೆ ಇದು: ಈತ ಲಾಭವಿಲ್ಲದೆ ದೇವರಿಗೆ ಭಯಪಡುತ್ತಾನೆಯೆ? ಆ ಪ್ರಶ್ನೆ ಹುಟ್ಟುವುದು ಯೋಬ ಬೂದಿಯಲ್ಲಿ ಕೂತಾಗ ಅಲ್ಲ. 7,000 ಕುರಿ, 3,000 ಒಂಟೆ, ಹತ್ತು ಮಕ್ಕಳು ಇದ್ದಾಗ. ಅನುಗ್ರಹವೇ ಅನುಮಾನಕ್ಕೆ ಎಡೆಕೊಡುತ್ತದೆ. ಕಷ್ಟದಲ್ಲಿ ಮನುಷ್ಯ ದೇವರನ್ನು ಕೂಗುವುದರಲ್ಲಿ ವಿಶೇಷವಿಲ್ಲ, ಕೂಗಲು ಬೇರೆ ಯಾರೂ ಇರುವುದಿಲ್ಲ. ಕೈತುಂಬ ಸಿಕ್ಕಾಗ, ಕೊಟ್ಟವನು ಬೇಕೋ ಕೊಟ್ಟದ್ದು ಬೇಕೋ ಎಂಬುದು ನಮಗೇ ತಿಳಿಯದೆ ಹೋಗುತ್ತದೆ.

ಪುಸ್ತಕದ ಕೊನೆಯಲ್ಲಿ ಯೋಬನ ಆಸ್ತಿ ಇಮ್ಮಡಿಯಾಗುತ್ತದೆ, ಮತ್ತೆ ಹತ್ತು ಮಕ್ಕಳು ಹುಟ್ಟುತ್ತಾರೆ. ಹೆತ್ತವರಿಗೆ ಗೊತ್ತು, ಸತ್ತ ಹತ್ತರ ಜಾಗಕ್ಕೆ ಹುಟ್ಟಿದ ಹತ್ತು ಬರುವುದಿಲ್ಲವೆಂದು. ರಮಾಬಾಯಿಗೆ ಅಷ್ಟೂ ಆಗಲಿಲ್ಲ. ಮನೋರಮಾ ವಿದೇಶದಲ್ಲಿ ಓದಿ ಬಂದು, ಮುಕ್ತಿಯ ಶಾಲೆಗಳನ್ನು ನಡೆಸಿ, ಗುಲ್ಬರ್ಗದಲ್ಲಿ ಶಾಲೆ ಕಟ್ಟುವ ಹೊಣೆ ಹೊತ್ತು, ತಾಯಿಯ ಕಿವಿಯೂ ಬಲಗೈಯೂ ಆಗಿದ್ದರು. ಮುಂದೆ ಎಲ್ಲವನ್ನೂ ನೋಡಿಕೊಳ್ಳಬೇಕಿದ್ದವರು. 1921ರ ಜುಲೈನಲ್ಲಿ, ನಲವತ್ತರ ವಯಸ್ಸಿನಲ್ಲಿ, ತೀರಿಕೊಂಡರು.

ತಾಯಿ ಬದುಕಿದ್ದು ಮತ್ತೆ ಎಂಟು ತಿಂಗಳು ಚಿಲ್ಲರೆ. ಆ ದಿನಗಳಲ್ಲಿ ಅವರು ದೇವರಿಗೆ ಏನು ಹೇಳಿದರೆಂದು ಊಹಿಸುವುದು ನನ್ನಿಂದ ಆಗದು. ಮಾಡಿದ್ದು ಮಾತ್ರ ತಿಳಿದಿದೆ. ಮುಕ್ತಿಯ ಹೊಣೆಯನ್ನು ಬೇರೆಯವರಿಗೆ ಒಪ್ಪಿಸುವ ಏರ್ಪಾಡು ಮಾಡಿದರು. ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಮರಾಠಿಗೆ ಸತ್ಯವೇದವನ್ನು ತರಲು ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ನಡೆಸಿದ್ದ ಅನುವಾದವನ್ನು ಕೈಬಿಡದೆ ಮುಂದುವರಿಸಿದರು. ಅಚ್ಚಾಗುತ್ತಿದ್ದುದು ಮುಕ್ತಿಯ ಅಚ್ಚುಕೂಟದಲ್ಲೇ, ಅಲ್ಲಿನ ಹೆಂಗಸರ ಕೈಯಿಂದಲೇ. 1922ರ ಏಪ್ರಿಲ್ 5ರಂದು ಸಾವು ಬರುವವರೆಗೂ ಆ ಕೆಲಸ ನಿಲ್ಲಲಿಲ್ಲ.