ಮಗುವಿಗೆ ಹೇಳುವ ಸುಳ್ಳು

ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳ ಬಡ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ಬಹುಕಾಲದಿಂದ ನಡೆದುಬಂದಿದೆ. ಓದು ಕೆಡಬಾರದೆಂದು ಮಕ್ಕಳನ್ನು ಅಜ್ಜಿಯ ವಶಕ್ಕೆ ಬಿಟ್ಟುಹೋಗುವವರುಂಟು. ಮಗು ಅತ್ತೀತೆಂದಂಜಿ, ಅದು ನಿದ್ರಿಸುತ್ತಿರುವಾಗಲೇ ತಾಯಿ ಹೊರಟುಬಿಡುವುದೂ ಉಂಟು. ಎದ್ದ ಮಗು ಅವಳನ್ನು ಅರಸಿದರೆ, “ಅಳಬ್ಯಾಡ ಕೂಸ, ನಿಮ್ಮವ್ವ ಸಂತಿಗೆ ಹೋಗ್ಯಾಳ, ಸಂಜಿಗೆ ಬರ್ತಾಳ” ಎಂದು ಅಜ್ಜಿ ಸಂತೈಸುವಳು. ಆ ಸಂಜೆ ಬರುವುದು ತಿಂಗಳುಗಳ ಮೇಲೆ. ಇಂಥ ಸುಳ್ಳು ಧರ್ಮಸಮ್ಮತವೆ?

ಕರುಣೆಯಿಂದ ಆಡಿದ ಮಾತಿಗೆ ದೋಷವಿಲ್ಲವೆಂದು ಕೆಲವರು ಹೇಳಿಯಾರು. ನಾಲ್ಕು ದಿನ ಅತ್ತು ಮಗು ಸುಮ್ಮನಾದೊಡನೆ, ಒಗ್ಗಿಕೊಂಡಿತೆಂದು ಹಿರಿಯರು ಸಮಾಧಾನಪಡುವರು. ಆದರೆ ಆ ಮೌನವು ಶಾಂತಿಯೇ ಎಂಬುದು ವಿಚಾರಾರ್ಹ. ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ನರು ಆಸ್ಪತ್ರೆಗಳಲ್ಲಿ ತಾಯಿಯನ್ನಗಲಿದ ಎಳೆಯ ಮಕ್ಕಳನ್ನು ಬಹುಕಾಲ ಪರೀಕ್ಷಿಸಿ, 8 ದಿನ ಅಲ್ಲಿದ್ದ 2 ವರ್ಷದ ಹೆಣ್ಣುಮಗುವೊಂದರ ಚಲನಚಿತ್ರವನ್ನು 1952ರಲ್ಲಿ ಪ್ರಕಟಿಸಿದರು. ಮಗು ಮೊದಲು ಪ್ರತಿಭಟಿಸುವುದು, ಬಳಿಕ ನಿರಾಶೆಗೊಳ್ಳುವುದು, ಕಡೆಗೆ ವಿಮುಖವಾಗುವುದು ಎಂದು ಅವರು ಕಂಡರು. ನೋಡುವವರಿಗೆ ಸಮಾಧಾನವೆಂದು ತೋರುವುದು ಆಸೆ ಬಿಟ್ಟ ಮನಸ್ಸಿನ ಸ್ಥಿತಿಯಾಗಿರಬಹುದು.

ಆಸ್ಪತ್ರೆಯಲ್ಲಿದ್ದವರು ಅಪರಿಚಿತರು, ಇಲ್ಲಿ ದೇವಕಿಯ ಕಂದನಿಗೆ ಯಶೋದೆ ದೊರೆತಂತೆ ಅಜ್ಜಿಯಿದ್ದಾಳೆ. ಈ ಭೇದ ಅಲ್ಪವಲ್ಲ. ಆದರೆ ಆ ಅಜ್ಜಿಯ ಮಾತೇ ಹುಸಿಯಾದರೆ ಉಳಿದ ಆಸರೆಯೂ ಸಡಿಲವಾಗುವುದು. ಸಂಜೆ ಸಂಜೆಗೂ ಹೊಸ್ತಿಲಲ್ಲಿ ಕಾದು ಸೋತ ಮಗು, ನಾಳೆ ನಿಜವನ್ನೇ ಹೇಳಿದರೂ ನಂಬಲಾರದು. ಆದುದರಿಂದ ಮಗು ಎಚ್ಚರವಿರುವಾಗಲೇ ಅಪ್ಪಿಕೊಂಡು, ಎಲ್ಲಿಗೆ, ಏತಕ್ಕೆ ಹೋಗುವೆನು, ಯಾವ ಹಬ್ಬಕ್ಕೆ ಮರಳುವೆನು ಎಂಬುದನ್ನು ತಿಳಿಸಿ ಹೊರಡುವುದು ಮೇಲು. ಮಗು ಅಳುವುದು, ಅಳಲಿ. ಅತ್ತು ಮಲಗಲು ಅಜ್ಜಿಯ ತೊಡೆಯಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಬಡತಾಯಿಗೆ ನೀತಿ ಬೋಧಿಸಿ ನಾವು ಕೈತೊಳೆದುಕೊಂಡಂತಾದೀತು. ಅವಳು ಮಗುವನ್ನು ಬಿಟ್ಟುಬಂದುದೇಕೆ? ನಮ್ಮ ಮನೆಗಳನ್ನು ಕಟ್ಟುವ ಸ್ಥಳದಲ್ಲಿ ಅದಕ್ಕೆ ನೆರಳಿಲ್ಲ. ನಮ್ಮ ಬೀದಿಯ ಶಾಲೆಯಲ್ಲಿ ಅದಕ್ಕೆ ಸ್ಥಳವುಂಟೆಂದು ಅವಳಿಗೆ ತಿಳಿಸಿದವರಿಲ್ಲ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಸ್ಥಳದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೊಠಡಿಯಿರಬೇಕೆಂದು 1996ರ ಕಾಯಿದೆಯೇ ವಿಧಿಸಿತ್ತು. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ ಸ್ಥಳೀಯ ಸಂಸ್ಥೆಗಳ ಮೇಲಿರಿಸಿತು. ಕಾಯಿದೆಗಳು ಹುಟ್ಟಿದವು, ಅವು ನಡೆಯುತ್ತಿವೆಯೆ ಎಂದು ವಿಚಾರಿಸುವವರು ವಿರಳ. ಗೃಹಪ್ರವೇಶದ ಊಟಕ್ಕೆ ಕುಳಿತಾಗ, ಗಾರೆ ಹೊತ್ತವಳ ಮಗು ಎಲ್ಲಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಅಜ್ಜಿಯ ಆ ಸುಳ್ಳಿನಲ್ಲಿ ನಮ್ಮ ಪಾಲೂ ಉಂಟು. ಮನೆ ಕಟ್ಟಿಸುವ ವಾಚಕರು ಅಡಿಗಲ್ಲಿಡುವ ದಿನವೇ ಮೇಸ್ತ್ರಿಯನ್ನು ಈ ಪ್ರಶ್ನೆ ಕೇಳಲಿ.