ಲಾಟರಿ ಚೀಟಿಯೂ ಶ್ರಾವಕನ ವ್ರತವೂ



ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ, ಎರ್ಮಾಳಿನ ನಮ್ಮ ಮನೆಗೆ ಬಂದಿದ್ದ ಸೋದರಳಿಯನು ಸ್ವಾಧ್ಯಾಯ ಮುಗಿದ ಬಳಿಕ ಬಹು ಸಂಕೋಚದಿಂದ ಒಂದು ಪ್ರಶ್ನೆಯನ್ನು ಮುಂದಿಟ್ಟನು. "ಮಾವ, ತಲಪಾಡಿಯಾಚೆ ಹೋಗಿದ್ದಾಗ ಓಣಂ ಬಂಪರಿನ ಒಂದು ಟಿಕೆಟು ಕೊಂಡೆ. ಬಹುಮಾನ ಬಂದರೆ ಅರ್ಧವನ್ನು ಬಸದಿಯ ಜೀರ್ಣೋದ್ಧಾರಕ್ಕೆ ಕೊಡುವೆನೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೇನೆ. ಇದರಿಂದ ನನ್ನ ವ್ರತಕ್ಕೆ ಭಂಗ ಬಂತೇ?" ಅವನು ಪರ್ವದ ಹತ್ತು ದಿನವೂ ಏಕಭುಕ್ತ ಮಾಡುತ್ತಿದ್ದವನು, ಪರಿಗ್ರಹ ಪರಿಮಾಣ ವ್ರತವನ್ನೂ ಸ್ವೀಕರಿಸಿದವನು. ಇದು ಅವನೊಬ್ಬನ ಪ್ರಶ್ನೆಯಲ್ಲವಾದುದರಿಂದ ಇಲ್ಲಿ ವಿಚಾರ ಮಾಡುವುದು ಉಚಿತವೆನಿಸಿತು.

ಮೊದಲು ಲೌಕಿಕ ವಿಷಯವನ್ನು ನೋಡೋಣ. ಕರ್ನಾಟಕದಲ್ಲಿ 2007ರಿಂದ ಲಾಟರಿಯು ನಿಷಿದ್ಧವಾಗಿದೆ. ನೆರೆಯ ಕೇರಳದಲ್ಲಿ 1967ರಲ್ಲಿ ಆರಂಭವಾದ ಸರಕಾರಿ ಲಾಟರಿ ಇಂದಿಗೂ ನಡೆಯುತ್ತಿದೆ. ನಮ್ಮೂರಿನ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ದಕ್ಷಿಣಕ್ಕೆ ಸಾಗಿ ತಲಪಾಡಿಯಲ್ಲಿ ಗಡಿ ದಾಟುತ್ತದೆ. ಆಚೆಗೆ ಅಂಗಡಿಗಳಲ್ಲಿ ಟಿಕೆಟುಗಳು ತೂಗಾಡುತ್ತವೆ. ಓಣಂ ಬಂಪರಿನ ಟಿಕೆಟಿಗೆ 500 ರೂಪಾಯಿ. ಪ್ರಥಮ ಬಹುಮಾನ 2022ರಿಂದ 25 ಕೋಟಿ. ಗೆದ್ದವನು ಚೀಟಿಯ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಮಾಡಿ, ಗುರುತಿನ ಕಾಗದಗಳೊಡನೆ 30 ದಿನಗಳೊಳಗೆ ಒಪ್ಪಿಸಬೇಕು. ಹತ್ತರಲ್ಲೊಂದು ಪಾಲು ಏಜೆಂಟರ ಕಮಿಷನ್ನಿಗೂ, ಉಳಿದುದರಲ್ಲಿ ನೂರಕ್ಕೆ 30ರಂತೆ ಆದಾಯ ತೆರಿಗೆಗೂ ಸಲ್ಲುತ್ತದೆ. 2024ರಲ್ಲಿ ಆ ಪ್ರಥಮ ಬಹುಮಾನವು ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು. ಆ ಸುದ್ದಿ ಎಷ್ಟು ಮನೆಗಳಲ್ಲಿ ಆಸೆಯ ಕಿಡಿ ಹೊತ್ತಿಸಿತೋ! ಆದರೆ ಆ ವರ್ಷ ಮಾರಾಟವಾದ ಟಿಕೆಟುಗಳು ಸುಮಾರು 71 ಲಕ್ಷ. ಆ ಲಕ್ಷಾಂತರ ಜನರಲ್ಲಿ ಹೆಚ್ಚಿನವರ ಕೈಗೆ ಏನೂ ಬರಲಿಲ್ಲವೆಂಬುದನ್ನು ಯಾವ ಸುದ್ದಿಯೂ ಎತ್ತಿ ಹೇಳುವುದಿಲ್ಲ.

ಇನ್ನು ಧರ್ಮದ ವಿಚಾರ. ಸಪ್ತವ್ಯಸನಗಳ ಎಣಿಕೆಯಲ್ಲಿ ದ್ಯೂತಕ್ಕೇ ಮೊದಲ ಸ್ಥಾನ. "ಸರಕಾರವೇ ನಡೆಸುವುದು ದ್ಯೂತ ಹೇಗಾದೀತು?" ಎಂದು ಕೆಲವರು ಕೇಳುವುದುಂಟು. ರಾಜಾಜ್ಞೆಯು ದಂಡದಿಂದ ನಮ್ಮನ್ನು ಪಾರುಮಾಡಬಹುದು; ಕರ್ಮಬಂಧದಿಂದ ಪಾರುಮಾಡಲಾರದು. ಕೇರಳದಲ್ಲಿ 2011ರಲ್ಲಿ ಆರಂಭವಾದ ಕಾರುಣ್ಯ ಲಾಟರಿಯ ಆದಾಯವು ಬಡರೋಗಿಗಳ ಚಿಕಿತ್ಸೆಗೆ ವಿನಿಯೋಗವಾಗುವುದು ನಿಜ, ಪ್ರಶಂಸನೀಯವೂ ಹೌದು. ಆದರೆ ರೋಗಿಗೆ ಔಷಧದಾನ ಮಾಡಬಯಸುವ ಶ್ರಾವಕನಿಗೆ ನಡುವೆ ಚೀಟಿಯ ಅಗತ್ಯವೇನಿದೆ?

ಮತ್ತೊಂದು ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಬೇಸಾಯಗಾರನು ಮಳೆಯನ್ನು ನೆಚ್ಚುತ್ತಾನೆ, ವ್ಯಾಪಾರಿಯು ಬೆಲೆಯನ್ನು ನೆಚ್ಚುತ್ತಾನೆ. ಅನಿಶ್ಚಯವಿಲ್ಲದ ಉದ್ಯೋಗ ಯಾವುದಿದೆ? ನಿಜ. ಆದರೆ ಬೇಸಾಯಗಾರನು ಬೆಳೆದರೆ ಹತ್ತು ಮಂದಿ ಉಣ್ಣುತ್ತಾರೆ. ಲಾಟರಿಯಲ್ಲಿ ಒಬ್ಬನ ಲಾಭವೆಂದರೆ ಇತರರು ಕಳೆದುಕೊಂಡುದರ ರಾಶಿಯೇ ಹೊರತು ಬೇರೆಯಲ್ಲ. ಅವರು ತಾವಾಗಿ ಕೊಟ್ಟುದರಿಂದ ಅದನ್ನು ಕಳವೆಂದು ಹೇಳಲಾಗದು. ಆದರೂ ಆ ರಾಶಿಯಲ್ಲಿ ದಿನಗೂಲಿಯವನ ಮಕ್ಕಳ ಅನ್ನವೂ ಸೇರಿದೆಯೆಂಬುದನ್ನು ಮರೆಯಬಾರದು.

"ಪುಣ್ಯೋದಯವಿದ್ದರೆ ತಾನೇ ಬಹುಮಾನ ಬರುವುದು? ನನ್ನ ಪುಣ್ಯದ ಫಲವನ್ನು ನಾನು ಉಂಡರೆ ದೋಷವೇನು?" ಎಂಬ ವಾದವೂ ಉಂಟು. ಲಾಭಾಂತರಾಯದ ಕ್ಷಯೋಪಶಮದಿಂದ ಧನಲಾಭವಾಗುವುದು ಹಿಂದಿನದರ ಮಾತು. ಮುಂದೆ ಯಾವ ಬಂಧವಾಗುವುದೆಂಬುದನ್ನು ನಿರ್ಣಯಿಸುವುದು ಇಂದಿನ ಭಾವ. ಹಳೆಯ ಪುಣ್ಯವನ್ನು ತೆತ್ತು ಹೊಸ ಲೋಭವನ್ನು ಕೊಳ್ಳುವುದು ಲಾಭದ ವ್ಯಾಪಾರವಲ್ಲ.

ನನ್ನ ಅಭಿಪ್ರಾಯದಲ್ಲಿ ನಿಜವಾದ ದೋಷವಿರುವುದು ಗೆಲ್ಲುವುದರಲ್ಲಿಯೂ ಅಲ್ಲ, 500 ರೂಪಾಯಿ ಕಳೆಯುವುದರಲ್ಲಿಯೂ ಅಲ್ಲ. ಚೀಟಿ ಕೊಂಡ ದಿನಕ್ಕೂ ಡ್ರಾ ನಡೆಯುವ ದಿನಕ್ಕೂ ನಡುವಿನ ಕಾಲದಲ್ಲಿ. ಇದನ್ನು ನಾನು ಪರರನ್ನು ನೋಡಿ ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲಿಯೂ ಲಾಟರಿಯಿದ್ದ ಕಾಲದಲ್ಲಿ ನಾನೊಮ್ಮೆ ಟಿಕೆಟು ಕೊಂಡಿದ್ದೆ. ಫಲಿತಾಂಶ ಪ್ರಕಟವಾದುದು ಚತುರ್ದಶಿಯ ದಿನ, ನನಗೆ ಉಪವಾಸ. ಅಂದು ಬೆಳಿಗ್ಗೆ ಜಿನದರ್ಶನಕ್ಕೆ ಹೊರಡುವ ಮೊದಲು ನಾನು ಪತ್ರಿಕೆಯ ಅಂಕಿಗಳನ್ನು ನೋಡಿದೆ. ಬಹುಮಾನ ಬರಲಿಲ್ಲ. ಹೊಟ್ಟೆಯೇನೋ ದಿನವಿಡೀ ಬರಿದಾಗಿತ್ತು. ಮನಸ್ಸು ಮಾತ್ರ ಅದಕ್ಕೂ ಮುಂಚಿನ ಎಷ್ಟೋ ದಿನಗಳಿಂದ ಕಾಣದ ಹಣವನ್ನು ಉಣ್ಣುತ್ತಲೇ ಇತ್ತು. ಇಂತಹ ಉಪವಾಸವನ್ನು ಲಂಘನವೆನ್ನಬೇಕಲ್ಲದೆ ತಪವೆನ್ನಲಾಗದು.

ಇದಕ್ಕೆ ನಮ್ಮ ಆಗಮಗಳಲ್ಲಿ ನಿದಾನವೆಂದು ಹೆಸರು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಇದೊಂದು. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿಯೂ ಇದರ ಎಣಿಕೆಯಿದೆ. ಕಾಲಿಗೆ ನೆಟ್ಟ ಮುಳ್ಳು ಹೊರಗೆ ಕಾಣದಿದ್ದರೂ ನಡೆಯಗೊಡುವುದಿಲ್ಲ. ಅಂತೆಯೇ ಶಲ್ಯವು ಒಳಗಿರುವ ತನಕ ಎಷ್ಟು ವ್ರತಗಳನ್ನು ಹಿಡಿದರೂ ವ್ರತಿಯೆನಿಸಲು ಬಾರದು.

ಹಾಗಾದರೆ ಬಸದಿಗೆ ಕೊಡಬೇಕೆಂದ ಅರ್ಧ? ದಾನವೆಂಬುದು ಇದ್ದುದರಲ್ಲಿ, ನ್ಯಾಯದಿಂದ ಗಳಿಸಿದುದರಲ್ಲಿ ಕೊಡುವಂಥದು. ಇಲ್ಲದ ಹಣದ ಸಂಕಲ್ಪವು ಆಸೆಗೆ ಉಡಿಸಿದ ಮಡಿವಸ್ತ್ರ ಮಾತ್ರ. ಅಲ್ಲದೆ, ನನಗೆ ಇಷ್ಟೇ ಸಾಕೆಂದು ಪರಿಮಾಣ ಮಾಡಿದವನು 25 ಕೋಟಿಯನ್ನು ಬಯಸಿದಾಗ, ಹಣ ಬರುವ ಮೊದಲೇ ಅವನ ಮನಸ್ಸು ಎಲ್ಲೆ ದಾಟಿರುತ್ತದೆ. ಮಿತಿಗೆ ಮೀರಿದುದೆಲ್ಲವನ್ನೂ ತ್ಯಜಿಸುವೆನೆಂದರೆ, ಅದು ನನ್ನ ಕೈಯ ಮೂಲಕವೇ ಹಾದುಹೋಗಲೆಂಬ ಹಂಬಲವೇಕೆ? ಮೂರ್ಛೆಯೆಂಬುದು ಇದೇ.

ಅಳಿಯನಿಗೆ ನಾನು ಹೇಳಿದುದಿಷ್ಟು: "ವ್ರತವು ಮುರಿದುಬಿದ್ದಿಲ್ಲ, ಅತಿಚಾರ ತಗಲಿದೆ. ಚೀಟಿ ಹರಿದೆಸೆದ ಮಾತ್ರಕ್ಕೆ ಮುಳ್ಳು ಹೊರಬಾರದು. ಗುರುಗಳ ಮುಂದೆ ಮರೆಮಾಚದೆ ಆಲೋಚನೆ ಮಾಡು, ಪ್ರತಿಕ್ರಮಣ ಮಾಡು. ಆ ಚೀಟಿಯ ಮೇಲಣ ಆಸೆಯನ್ನು ಬಿಡು. ಬಸದಿಗೆ ಕೊಡುವ ಮನಸ್ಸಿದ್ದರೆ ಈ ತಿಂಗಳ ಗಳಿಕೆಯಿಂದ ಶಕ್ತಿಯಿದ್ದಷ್ಟು ಕೊಡು. 500 ರೂಪಾಯಿಯಾದರೂ ಸಾಕು, ಅದು ನಿನ್ನದಾಗಿರಲಿ."

ಕೆಲವು ದಿನಗಳ ಮೇಲೆ ಅವನು ಕಾರ್ಕಳದಲ್ಲಿ ಗುರುಗಳ ದರ್ಶನ ಮಾಡಿ ಬಂದನೆಂದು ತಿಳಿಯಿತು. ಡ್ರಾ ಆದ ಬಳಿಕ ಅವನು ಮನೆಗೆ ಬಂದಾಗ ಚೀಟಿಯ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ಕೇಳಬೇಕೆಂಬ ಆಸೆ ನನ್ನ ಮನಸ್ಸಿನಲ್ಲಿ ಎದ್ದುದು ಸುಳ್ಳಲ್ಲ. ಅಂದಿನ ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನೂ ನಿಂದಿಸಿಕೊಂಡೆನು. ಬಂಧುಗಳೇ, ಮುಂದಿನ ಪರ್ವದಲ್ಲಿ ಅನ್ನವನ್ನು ಬಿಡುವಾಗ, ಬಾರದ ಹಣದ ಚಿಂತನೆಯನ್ನೂ ಅದರೊಡನೆ ಬಿಡುವ ಅಭ್ಯಾಸವನ್ನು ನಾವೆಲ್ಲರೂ ಮಾಡೋಣ.